ಹೊಳೆ ದಾಟುವ ದಂಡು

2019ರ ಆಗಸ್ಟ್ ಮೊದಲ ವಾರ. ಹಿಡಿದ ಆಶ್ಲೇಷಾ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಗೋಕಾಕದ ಮಂದಿಗೆ ಹೊಳೆ ಬರುವುದು ಹೊಸದಲ್ಲ. ಲೋಳಸೂರ ಸೇತುವೆಯ ಕಂಬಗಳನ್ನು ನೋಡಿಯೇ ನೀರು ಎಷ್ಟು ಏರಿದೆ, ಇನ್ನೆಷ್ಟು ಏರೀತು ಎಂದು ಅಂದಾಜು ಕಟ್ಟುವವರು ಊರಲ್ಲಿ ಬಹಳ ಮಂದಿ ಇದ್ದಾರೆ. ಆ ವಾರ ಕಂಬವೂ ಮುಳುಗಿತು, ಸೇತುವೆಯೂ ಮುಳುಗಿತು. ಘಟಪ್ರಭೆ ದಂಡೆ ಬಿಟ್ಟು ಊರೊಳಗೆ ನಡೆದುಬಂದಳು. ಕುಂಬಾರ ಗಲ್ಲಿ, ಉಪ್ಪಾರ ಗಲ್ಲಿ, ಭೋಜಗಾರ ಗಲ್ಲಿ, ಹಳೆ ದನದ ಪೇಟೆ, ದಾಳಿಂಬರಿ ತೋಟ ಎಲ್ಲ ನೀರಾದವು. ಆಟೊ ಓಡುವ ಓಣಿಗಳಲ್ಲಿ ರಬ್ಬರ್ ದೋಣಿ ಓಡಿದವು.

ಅತ್ತ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಶಂಕರಲಿಂಗ ದೇವಸ್ಥಾನದೊಳಗೆ ಹೊಕ್ಕಿತ್ತು. ಇತ್ತ ಮೂಡಲಗಿ ತಾಲ್ಲೂಕಿನ ಸುಣಧೋಳಿ, ಅವರಾದಿ ಸೇತುವೆಗಳು ಕಾಣದಾಗಿ, ಹೊಳೆಸಾಲಿನ ಊರುಗಳು ಒಂದೊಂದೇ ಸಂಪರ್ಕ ಕಳೆದುಕೊಂಡವು. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಿಂದ ಯೋಧರು ಬಂದರು, ಎನ್‌ಡಿಆರ್‌ಎಫ್ ತಂಡಗಳು ಬಂದವು, ವಾಯುಪಡೆಯ ಹೆಲಿಕಾಪ್ಟರುಗಳು ಹಾರಿದವು. ಜುಲೈ 26ರಂದು ಪ್ರಮಾಣ ವಚನ ಸ್ವೀಕರಿಸಿದ್ದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರಿಗೆ ಆಗಿನ್ನೂ ಸಂಪುಟವೇ ಇರಲಿಲ್ಲ. 45 ವರ್ಷಗಳಲ್ಲಿ ಇಂಥ ಮಹಾಪೂರ ಬಂದಿಲ್ಲ ಎಂದರು ಅವರು.

ಆ ದಿನಗಳ ಒಂದು ದೃಶ್ಯ ನನ್ನ ಕಣ್ಣಿನಿಂದ ಇಂದಿಗೂ ಸರಿದಿಲ್ಲ. ಬೆಳಗಾವಿ ತಾಲ್ಲೂಕಿನ ಕಬಲಾಪುರದ ಬಳಿ ಬಳ್ಳಾರಿ ನಾಲೆ ಉಕ್ಕಿ, ಹೊಲದ ಮನೆಯಲ್ಲಿದ್ದ ಗಂಡ ಹೆಂಡತಿ ಸುತ್ತಲ ನೀರಿನ ನಡುವೆ ಸಿಕ್ಕಿಬಿದ್ದರು. ಮನೆಯ ಮೇಲೇರಿ ಕುಳಿತು ಹಗಲು ರಾತ್ರಿ ಕಳೆದರು. ಅವರನ್ನು ಕರೆತರಲು ಹೋದ ದೋಣಿ ಸೆಳವಿಗೆ ಸಿಕ್ಕು ಮಗುಚಿತು. ಕೊನೆಗೆ ಎಲ್ಲರೂ ಬದುಕಿ ಬಂದರು. ಅದೇ ಆಗಸ್ಟ್ 12ರಂದು ತುಂಗಭದ್ರೆಯ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರನ್ನು ಸಾಗಿಸುತ್ತಿದ್ದ ರಕ್ಷಣಾ ದೋಣಿಯೂ ಮಗುಚಿ, ಅದರಲ್ಲಿದ್ದ ರಕ್ಷಕರನ್ನೇ ಹೆಲಿಕಾಪ್ಟರ್ ಮೇಲೆತ್ತಬೇಕಾಯಿತು. ಕಾಯಲು ಹೋದವರನ್ನೇ ಕಾಯಬೇಕಾದ ಹೊತ್ತು ಅದು.

ಘಟಪ್ರಭೆ ಊರೊಳಗೆ ಬರುವ ವಾರದ ಮುಂಚೆ ಇಡೀ ಕರ್ನಾಟಕ ಟಿವಿ ಮುಂದೆ ಕುಳಿತು ಮತ್ತೊಂದು ಹೊಳೆಯನ್ನು ನೋಡಿತ್ತು. ಜುಲೈ ಕೊನೆಯಲ್ಲಿ ಉಳ್ಳಾಲದ ಬಳಿ ನೇತ್ರಾವತಿಯಲ್ಲಿ ಕೆಫೆ ಕಾಫಿ ಡೇ ಸ್ಥಾಪಕ ವಿ.ಜಿ. ಸಿದ್ಧಾರ್ಥ ಅವರಿಗಾಗಿ ನಡೆದ ಆ ದುಃಖದ ಹುಡುಕಾಟದಲ್ಲಿ ಕೋಸ್ಟ್ ಗಾರ್ಡ್‌ನ ಹೋವರ್‌ಕ್ರಾಫ್ಟ್ ಕೂಡ ಇಳಿದಿತ್ತು. ನೀರಿನ ಮೇಲೂ ಮರಳಿನ ಮೇಲೂ ಒಂದೇ ಸಮ ಜಾರುವ, ಹೊಟ್ಟೆಯಡಿ ಗಾಳಿ ತುಂಬಿಕೊಂಡ ವಾಹನ. ಅಂಥದೊಂದು ಘಟಪ್ರಭೆಗೆ ಯಾಕೆ ಬರಲಿಲ್ಲ? ಈ ಪ್ರಶ್ನೆ ಹಿಡಿದು ಹೊರಟ ನನ್ನನ್ನು ಅದು ಎರಡು ಶತಮಾನ ಹಿಂದಕ್ಕೆ ಎಳೆದುಕೊಂಡು ಹೋಯಿತು. ತುಂಬಿದ ಹೊಳೆಯ ದಂಡೆಯಲ್ಲಿ ನಿಂತು, ದಂಡನ್ನು ಆಚೆ ದಾಟಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡವರು ನಮ್ಮ ಸೀಮೆಯಲ್ಲಿ 2019ಕ್ಕೂ ಬಹಳ ಮುಂಚೆಯೇ ಇದ್ದರು.

ಅವರಲ್ಲೊಬ್ಬ ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎಂದು ಹೆಸರಾದವನು. 1800ರಲ್ಲಿ ಅವನಿಗೆ 31 ವರ್ಷ. ಟಿಪ್ಪು ಸುಲ್ತಾನ ಮಡಿದು ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿನ ಸೆರೆಯಿಂದ ಹೊರಬಿದ್ದ ಧೋಂಡಿಯಾ ವಾಘ್ ಎಂಬ ಚನ್ನಗಿರಿಯ ವೀರ ದೊಡ್ಡ ಕುದುರೆ ದಂಡು ಕಟ್ಟಿಕೊಂಡು, ಎರಡು ಲೋಕಗಳ ಒಡೆಯ ಎಂದು ತನ್ನನ್ನು ಕರೆದುಕೊಂಡು, ತುಂಗಭದ್ರೆಯಿಂದ ಘಟಪ್ರಭೆಯವರೆಗಿನ ಸೀಮೆಯನ್ನು ಅಲುಗಾಡಿಸುತ್ತಿದ್ದ. ಅವನನ್ನು ಅಟ್ಟಿಸಿಕೊಂಡು ವೆಲ್ಲೆಸ್ಲಿ ಬಂದದ್ದು ನಡು ಮಳೆಗಾಲದಲ್ಲಿ.

ಜುಲೈ 30ರ ಮಧ್ಯಾಹ್ನ. ಇಂದಿನ ಸವದತ್ತಿ ತಾಲ್ಲೂಕಿನ ಮುನವಳ್ಳಿಯ ಎದುರು, ಮಲಪ್ರಭೆಯ ದಂಡೆಯ ಮೇಲೆ ಧೋಂಡಿಯಾನ ದಂಡಿನ ಒಂದು ಭಾಗ ಬೀಡುಬಿಟ್ಟಿತ್ತು. ಫಿರಂಗಿಗಳು ಆಗಲೇ ಹೊಳೆ ದಾಟಿಯಾಗಿತ್ತು. ಜನ, ಆನೆ, ಒಂಟೆ, ಎತ್ತು, ಹೆಂಡಿರು ಮಕ್ಕಳು ಇನ್ನೂ ಈಚೆ ದಂಡೆಯಲ್ಲಿ ಸರದಿ ಕಾಯುತ್ತಿದ್ದರು. ವೆಲ್ಲೆಸ್ಲಿ ಬರೀ ಕುದುರೆ ಪಡೆಯನ್ನು ಕಟ್ಟಿಕೊಂಡು ಅವರ ಮೇಲೆ ಬಿದ್ದ. ಬೆನ್ನ ಹಿಂದೆ ತುಂಬಿದ ಮಲಪ್ರಭೆ, ಎದುರಿಗೆ ಕತ್ತಿ. ಲೆಕ್ಕವಿಲ್ಲದಷ್ಟು ಮಂದಿ ನೀರುಪಾಲಾದರು. ಆಚೆ ದಂಡೆಯ ಫಿರಂಗಿಗಳು ಮಾತ್ರ ಕಣ್ಣಿಗೆ ಕಂಡರೂ ಕೈಗೆ ಸಿಗುವಂತಿರಲಿಲ್ಲ. ಕೊನೆಗೆ ವೆಲ್ಲೆಸ್ಲಿಯ ಕೆಲವು ಸೈನಿಕರು ಈಸಿ ಆಚೆ ಹೋಗಿ, ಅಲ್ಲಿದ್ದ ಒಂದು ದೋಣಿಯನ್ನು ಹಿಡಿದು, ಆ ದೋಣಿಯ ನೆರವಿನಿಂದ ಫಿರಂಗಿಗಳನ್ನು ವಶಪಡಿಸಿಕೊಂಡರು. ಇಡೀ ಕಾಳಗದ ಫಲ ಒಂದು ದೋಣಿಯ ಮೇಲೆ ನಿಂತಿತ್ತು. ದೋಣಿ ಕೈಗೆ ಸಿಕ್ಕವನು ಗೆದ್ದ, ದೋಣಿ ಸಿಗದವನು ಮುಳುಗಿದ. ಆ ಮೇಲೆಯೂ ಧೋಂಡಿಯಾ ಆರು ವಾರ ತಪ್ಪಿಸಿಕೊಂಡು ತಿರುಗಿದ. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಕಾದಾಡುತ್ತ ಮಡಿದ.

ಆ ಮಳೆಗಾಲ ವೆಲ್ಲೆಸ್ಲಿಗೆ ಕಲಿಸಿದ ಪಾಠ 1803ರಲ್ಲಿ ಕಾಣಿಸಿತು. ಆ ವರ್ಷದ ಮಾರ್ಚ್ 9ರಂದು ಅವನು ಹರಿಹರದಿಂದ ಪುಣೆಗೆ ಹೊರಟ. ಪೇಶ್ವೆ ಎರಡನೇ ಬಾಜೀರಾಯನನ್ನು ಮತ್ತೆ ಗದ್ದುಗೆಯ ಮೇಲೆ ಕೂರಿಸುವ ಕೆಲಸ. ದಾರಿಯಲ್ಲಿ ತುಂಗಭದ್ರೆ, ವರದಾ, ಮಲಪ್ರಭೆ, ಘಟಪ್ರಭೆ, ಕೃಷ್ಣೆ. ಬೇಸಿಗೆಯಲ್ಲಿ ಇವೆಲ್ಲ ಕಾಲುನಡಿಗೆಯಲ್ಲಿ ದಾಟುವ ಹೊಳೆಗಳು. ಆದರೆ ದಂಡು ಪುಣೆ ಮುಟ್ಟಿದ ಮೇಲೆ ಮಳೆ ಶುರುವಾಗುತ್ತದೆ. ಆಗ ಮೈಸೂರು ಸೀಮೆಯಿಂದ ಬರುವ ಅಕ್ಕಿ, ದನ, ಹಣ, ಟಪಾಲು ಎಲ್ಲವೂ ತುಂಬಿದ ಐದು ಹೊಳೆ ದಾಟಿಯೇ ಬರಬೇಕು. ಲಂಬಾಣಿಗರ ಹೇರೆತ್ತುಗಳು ದಂಡೆಯಲ್ಲೇ ನಿಂತುಬಿಟ್ಟರೆ ಪುಣೆಯಲ್ಲಿರುವ ದಂಡಿಗೆ ಉಪವಾಸ. ಹೀಗಾಗಿ ಮಳೆ ಬೀಳುವ ಮುಂಚೆಯೇ ಹೊಳೆಗಳ ದಾಟುಗಡೆಗಳಲ್ಲಿ ಹರಿಗೋಲು ಕಟ್ಟಿಸಿ ಇಡಬೇಕೆಂದು ಅವನು ಆಜ್ಞೆ ಮಾಡಿದ. ಮುಂಬಯಿಯಿಂದ ಸೇತುವೆ ಕಟ್ಟುವ ಪಾಂಟೂನು ದೋಣಿಗಳನ್ನೂ ತರಿಸಹೊರಟ. ಆದರೆ ಅವನ್ನು ಹೇರಿದ ಗಾಡಿಗಳು ಆ ದಾರಿಗೆ ತಾಳದೆ ಮುರಿದುಬಿದ್ದವು. ಉಳಿದದ್ದು ನಮ್ಮ ಬಿದಿರು ಬುಟ್ಟಿ, ನಮ್ಮ ದನದ ತೊಗಲು. ಅದೇ ವರ್ಷ ಅವನ ದಂಡು ತುಂಬಿದ ಗೋದಾವರಿಯನ್ನು ದಾಟಿದ್ದೂ ಇಂಥ ಬುಟ್ಟಿ ದೋಣಿಗಳಲ್ಲೇ.

ಹರಿಗೋಲನ್ನು ಹತ್ತಿರದಿಂದ ನೋಡದವರಿಗೆ ಅದು ಬರೀ ಒಂದು ದೊಡ್ಡ ಬುಟ್ಟಿ. ಸೀಳಿದ ಬಿದಿರಿನ ದಬ್ಬೆಗಳನ್ನು ನಡುವಿನಿಂದ ಹೊರಕ್ಕೆ ಹೆಣೆಯುತ್ತ ಬಂದು, ಅಂಚನ್ನು ದಪ್ಪಗೆ ಸುತ್ತಿ ಬಿಗಿದು, ಹೊರಗಡೆ ಹಸಿ ತೊಗಲನ್ನು ಎಳೆದು ಕಟ್ಟುತ್ತಾರೆ. ಈಗ ತೊಗಲಿನ ಜಾಗಕ್ಕೆ ಡಾಂಬರು ಬಳಿದ ಪ್ಲಾಸ್ಟಿಕ್ ಚೀಲ ಬಂದಿದೆ. ಅದಕ್ಕೆ ಮುಂದು ಹಿಂದು ಇಲ್ಲ. ತಳ ಚಪ್ಪಟೆ. ಮೊಣಕಾಲಷ್ಟು ನೀರಿದ್ದರೂ ತೇಲುತ್ತದೆ, ಬಂಡೆ ತಗುಲಿದರೆ ಒಡೆಯುವುದಿಲ್ಲ, ಬಾಗುತ್ತದೆ. ಕೆಲಸ ಮುಗಿದ ಮೇಲೆ ಅಂಬಿಗ ಸಣ್ಣ ಹರಿಗೋಲನ್ನು ಮಗುಚಿ ತಲೆಯ ಮೇಲೆ ಹೊತ್ತು ನಡೆದುಬಿಡುತ್ತಾನೆ, ದೂರದಿಂದ ನೋಡಿದರೆ ಕಾಲು ಬಂದ ಆಮೆಯ ಹಾಗೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಹತ್ತಿರ ಇವನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆ, ಆದರೆ ಸದಾ ಗಿರ್ರನೆ ತಿರುಗುತ್ತಲೇ ಇರುತ್ತವೆ ಎಂಬುದು ಅವನು ಕಂಡದ್ದು. ನೇರ ಹೋಗಲಾರದ್ದು ಹರಿಗೋಲಿನ ಗುಣವೂ ಹೌದು, ದೋಷವೂ ಹೌದು. ಸೆಳವಿನ ಎದುರು ಅದು ಸೆಣಸುವುದಿಲ್ಲ. ತಿರುಗುತ್ತ ತಿರುಗುತ್ತ ಸೆಳವಿನ ಜೊತೆ ಓರೆಯಾಗಿ ಜಾರಿ, ಕೆಳಗೆಲ್ಲೋ ಆಚೆ ದಂಡೆ ಹತ್ತುತ್ತದೆ.

ನಮ್ಮ ಕಡೆ ಇದಕ್ಕೊಬ್ಬ ತಮ್ಮನೂ ಇದ್ದಾನೆ, ಬೆಲ್ಲ ಕುದಿಸುವ ಕೊಪ್ಪರಿಗೆ. ಕಬ್ಬಿನ ಸೀಮೆಯಲ್ಲಿ ಗಾಣದ ಮನೆಯ ಅಗಲವಾದ ಕಬ್ಬಿಣದ ಕೊಪ್ಪರಿಗೆಯನ್ನು ನೀರಿಗಿಳಿಸಿದರೆ ಅದೇ ಹರಿಗೋಲು. ಅದಿಲ್ಲದವರಿಗೆ ಬಾಳೆದಿಂಡಿನ ತೆಪ್ಪ, ಲಾರಿಯ ಟ್ಯೂಬು, ಬಾಯಿ ಕಟ್ಟಿದ ಕೊಡ. ಹೊಳೆಸಾಲಿನ ಜನ ಕೈಗೆ ಸಿಕ್ಕಿದ್ದನ್ನು ದೋಣಿ ಮಾಡಿಕೊಳ್ಳುವುದನ್ನು ಯಾರಿಂದಲೂ ಕಲಿಯಬೇಕಿಲ್ಲ.

ಹರಿಗೋಲಿನ ಬಗ್ಗೆ ಇಷ್ಟು ಬರೆದದ್ದಕ್ಕೆ ಕಾರಣವಿದೆ. ಹೋವರ್‌ಕ್ರಾಫ್ಟ್ ಹುಟ್ಟಿದ ಕಥೆ ಓದಿದಾಗಲೆಲ್ಲ ನನಗೆ ಹರಿಗೋಲೇ ನೆನಪಾಗುತ್ತದೆ.

ಇಂಗ್ಲೆಂಡಿನ ಕ್ರಿಸ್ಟೋಫರ್ ಕಾಕರೆಲ್ ಮಾರ್ಕೋನಿ ಕಂಪನಿಯಲ್ಲಿ ರೇಡಿಯೊ ಎಂಜಿನಿಯರ್ ಆಗಿದ್ದು, ಆ ಕೆಲಸ ಬಿಟ್ಟು ಸಣ್ಣ ದೋಣಿ ಕಾರ್ಖಾನೆ ನಡೆಸುತ್ತಿದ್ದ. ದೋಣಿ ನಿಧಾನವಾಗುವುದು ನೀರು ಅದರ ಮೈಯನ್ನು ಹಿಡಿದು ಎಳೆಯುವುದರಿಂದ. ದೋಣಿಗೂ ನೀರಿಗೂ ನಡುವೆ ಗಾಳಿಯ ಹಾಸಿಗೆ ಹಾಸಿದರೆ ಹೇಗೆ ಎಂಬುದು ಅವನ ಯೋಚನೆ. 1955ರಲ್ಲಿ ಬೆಕ್ಕಿನ ಆಹಾರದ ಒಂದು ಡಬ್ಬಿಯನ್ನು ಕಾಫಿ ಪುಡಿಯ ಡಬ್ಬಿಯೊಳಗೆ ಇಟ್ಟು, ಎರಡರ ನಡುವಿನ ಸಂದಿಯಿಂದ ಗಾಳಿ ಊದಿಸಿ, ಅದರ ಒತ್ತಡವನ್ನು ತಕ್ಕಡಿಯ ಮೇಲೆ ತೂಗಿ ನೋಡಿದ. ಬರೀ ಒಂದೇ ಡಬ್ಬಿಯಿಂದ ಊದಿದಾಗಿನಕ್ಕಿಂತ ಉಂಗುರದಂಥ ಆ ಸಂದಿಯಿಂದ ಬಂದ ಗಾಳಿ ಹೆಚ್ಚು ಭಾರ ಎತ್ತಿತು. ಅವನು ಸೈನ್ಯದ ಬಾಗಿಲು ತಟ್ಟಿದ. ನೌಕಾಪಡೆಯವರು ಇದು ವಿಮಾನ ಎಂದರು, ವಾಯುಪಡೆಯವರು ಇದು ದೋಣಿ ಎಂದರು, ಭೂಸೇನೆ ತನಗೆ ಬೇಡ ಎಂದಿತು. ಹಾಗಿದ್ದರೂ ಕೆಲ ಕಾಲ ಅದನ್ನು ಗುಟ್ಟಿನ ಪಟ್ಟಿಯಲ್ಲಿ ಇಟ್ಟರು. ಕೊನೆಗೆ ಸಾಂಡರ್ಸ್-ರೋ ಕಂಪನಿ ಕಟ್ಟಿದ ಎಸ್‌ಆರ್‌.ಎನ್‌1 ಎಂಬ ಮೊದಲ ಹೋವರ್‌ಕ್ರಾಫ್ಟ್ 1959ರ ಜುಲೈ 25ರಂದು ಫ್ರಾನ್ಸಿನ ಕಲೇಯಿಂದ ಇಂಗ್ಲೆಂಡಿನ ಡೋವರ್‌ಗೆ ಕಡಲ ಕಾಲುವೆ ದಾಟಿತು. ಕಾಕರೆಲ್ ಅದರ ಮೇಲೆಯೇ ಇದ್ದ. ತೂಕ ಸರಿದೂಗಲೆಂದು ಅತ್ತಿಂದಿತ್ತ ಸರಿಯುತ್ತ, ತನ್ನ ಮೈಯನ್ನೇ ತಕ್ಕಡಿಕಲ್ಲು ಮಾಡಿಕೊಂಡು ದಾಟಿದ. ಹರಿಗೋಲಿನಲ್ಲಿ ಅಂಬಿಗ ಹೇಳಿದ ಕಡೆ ಸರಿದು ಕೂರುವವರಿಗೆ ಈ ಕೆಲಸ ಗೊತ್ತಿರುವಂಥದ್ದೇ.

ಆ ಮೊದಲ ವಾಹನ ನೆಲದಿಂದ ಗೇಣಿನಷ್ಟು ಮಾತ್ರ ಏಳುತ್ತಿತ್ತು. ಸಣ್ಣ ಅಲೆ ಬಂದರೂ ಬಡಿಯುತ್ತಿತ್ತು. ಅದನ್ನು ನಿಜವಾಗಿ ಕೆಲಸಕ್ಕೆ ಬರುವಂತೆ ಮಾಡಿದ್ದು ಸುತ್ತಲೂ ಇಳಿಬಿಟ್ಟ ಲಂಗ. ರಬ್ಬರು ಲೇಪಿಸಿದ ಗಟ್ಟಿ ಬಟ್ಟೆಯ ಈ ಲಂಗ ಒಳಗಿನ ಗಾಳಿಯನ್ನು ಹಿಡಿದಿಡುತ್ತದೆ, ಅಲೆ ಬಂದರೆ ಬಾಗಿ ಬಿಡುತ್ತದೆ, ಕಲ್ಲು ಬಂದರೆ ಮಡಚಿ ದಾಟುತ್ತದೆ. ಅದರ ಕೆಳಗಿನ ಅಂಚನ್ನು ಬೆರಳುಗಳಂತೆ ಬಿಡಿಬಿಡಿಯಾಗಿ ಮಾಡಿರುತ್ತಾರೆ, ಒಂದು ಹರಿದರೆ ಅದೊಂದನ್ನೇ ಬದಲಾಯಿಸಿದರೆ ಸಾಕು. ಗಟ್ಟಿ ಮೈ ಇರುವುದು ಒಳಗೆ, ನೀರಿಗೂ ನೆಲಕ್ಕೂ ತಗಲುವುದು ಮಾತ್ರ ಬಾಗುವ ತೊಗಲು. ನಮ್ಮ ಹರಿಗೋಲಿನ ಅಂಬಿಗ ಬಿದಿರಿನ ಮೇಲೆ ದನದ ತೊಗಲು ಎಳೆದದ್ದು ಇದೇ ಕಾರಣಕ್ಕೆ. ತಿಳಿವಳಿಕೆ ಒಂದೇ, ಶಕ್ತಿ ಬೇರೆ. ಹೋವರ್‌ಕ್ರಾಫ್ಟೂ ಹರಿಗೋಲಿನ ಹಾಗೆಯೇ ನೇರ ಹೋಗಲು ಒಲ್ಲೆ ಎನ್ನುತ್ತದೆ. ನೀರೊಳಗೆ ಅದರ ಯಾವ ಭಾಗವೂ ಇಲ್ಲದ್ದರಿಂದ ಸೆಳವು ಅದನ್ನು ಎಳೆಯುವುದು ಕಡಿಮೆ, ಗಾಳಿ ತಳ್ಳುವುದು ಹೆಚ್ಚು. ತಿರುವಿನಲ್ಲಿ ಪಕ್ಕಕ್ಕೆ ಜಾರುತ್ತದೆ. ಬ್ರೇಕು ಎಂಬುದಿಲ್ಲ.

ಯುದ್ಧ ಅದನ್ನು ಬೇಗ ಕರೆದುಕೊಂಡಿತು. 1966ರಿಂದ ಅಮೆರಿಕದ ನೌಕಾಪಡೆ, ಆಮೇಲೆ ಭೂಸೇನೆ, ವಿಯೆಟ್ನಾಂನ ಮೆಕಾಂಗ್ ನದೀಮುಖದ ಜವುಗಿನಲ್ಲಿ ಹೋವರ್‌ಕ್ರಾಫ್ಟ್ ಓಡಿಸಿದವು. ಭತ್ತದ ಗದ್ದೆ, ಬದು, ಕಾಲುವೆ, ಜೊಂಡು ಯಾವುದನ್ನೂ ಅದು ಲೆಕ್ಕಿಸಲಿಲ್ಲ. ಅಲ್ಲಿನ ಜನ ಅದನ್ನು ರಾಕ್ಷಸ ಎಂದು ಕರೆದರು. ಆದರೆ ಅದರ ಸದ್ದು ಮೈಲಿಗಟ್ಟಲೆ ಮುಂಚೆ ಕೇಳುತ್ತಿತ್ತು, ಎಣ್ಣೆ ಕುಡಿಯುವುದು ವಿಪರೀತ, ದುರಸ್ತಿ ಮುಗಿಯುತ್ತಲೇ ಇರಲಿಲ್ಲ. 1970ರ ಹೊತ್ತಿಗೆ ಅಲ್ಲಿಂದ ಅದರ ಕಾಲ ಮುಗಿಯಿತು. ಆ ಬಳಿಕ ಅಮೆರಿಕ ಕಟ್ಟಿದ ಎಲ್‌ಸಿಎಸಿ ಎಂಬ ದೊಡ್ಡ ಹೋವರ್‌ಕ್ರಾಫ್ಟ್ ಸುಮಾರು 60 ಟನ್ ಭಾರವನ್ನು, ಅಂದರೆ ಒಂದು ಇಡೀ ಯುದ್ಧ ಟ್ಯಾಂಕನ್ನು, ಹಡಗಿನ ಹೊಟ್ಟೆಯಿಂದ ಎತ್ತಿ ತಂದು ಮರಳಿನ ಮೇಲೆ ಇಳಿಸಬಲ್ಲದು. ಸಾಮಾನ್ಯ ಇಳಿದಾಣದ ದೋಣಿಗಳು ಹತ್ತಬಲ್ಲದ್ದು ಲೋಕದ ಕರಾವಳಿಯ ಆರನೇ ಒಂದು ಪಾಲನ್ನಷ್ಟೇ, ಇದು ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಕಡೆ ಹತ್ತುತ್ತದೆ.

ನನಗೆ ಈ ವಾಹನದ ನಿಜವಾದ ಬೆಲೆ ಕಂಡದ್ದು ಕಾಳಗದ ಕಥೆಯಲ್ಲಲ್ಲ. 1991ರ ಏಪ್ರಿಲ್ 29ರ ರಾತ್ರಿ ಬಾಂಗ್ಲಾದೇಶದ ಚಿತ್ತಗಾಂಗ್ ಕರಾವಳಿಗೆ ಚಂಡಮಾರುತ ಅಪ್ಪಳಿಸಿ 1 ಲಕ್ಷಕ್ಕೂ ಹೆಚ್ಚು ಜನ ಸತ್ತರು. ದ್ವೀಪಗಳಲ್ಲಿ ಉಳಿದವರಿಗೆ ಕುಡಿಯಲು ನೀರಿಲ್ಲ, ಹಡಗು ಹತ್ತಲು ದಕ್ಕೆಯಿಲ್ಲ, ದಂಡೆಯೆಂಬುದೆಲ್ಲ ಕೆಸರು. ಕೊಲ್ಲಿ ಯುದ್ಧ ಮುಗಿಸಿ ಮನೆಗೆ ಮರಳುತ್ತಿದ್ದ ಅಮೆರಿಕದ ಹಡಗುಗಳು ಅತ್ತ ತಿರುಗಿದವು. ಟ್ಯಾಂಕು ಇಳಿಸಲೆಂದು ಕಟ್ಟಿದ ಅದೇ ಹೋವರ್‌ಕ್ರಾಫ್ಟುಗಳು ಅಕ್ಕಿ, ನೀರು, ಔಷಧಿ ಹೊತ್ತು, ಕೆಸರಿನ ಮೇಲೇ ಹತ್ತಿ ದ್ವೀಪ ಸೇರಿದವು. ಆಳ ನೀರಿಗೆ ದೋಣಿಯಿದೆ, ಗಟ್ಟಿ ನೆಲಕ್ಕೆ ಲಾರಿಯಿದೆ. ಎರಡೂ ಅಲ್ಲದ, ಎರಡೂ ಆಗಿರುವ ಜಾಗಕ್ಕೆ ಬೇರೇನೂ ಇಲ್ಲ.

ನಮ್ಮ ದೇಶದಲ್ಲಿ ಇದನ್ನು ಹಚ್ಚಿಕೊಂಡದ್ದು ಕೋಸ್ಟ್ ಗಾರ್ಡ್. ಈ ಶತಮಾನದ ಮೊದಲ ವರ್ಷಗಳಲ್ಲಿ ಬ್ರಿಟನ್ನಿನ ಗ್ರಿಫನ್ ಕಂಪನಿಯ ವಿನ್ಯಾಸದಂತೆ ಕೋಲ್ಕತ್ತದ ಗಾರ್ಡನ್ ರೀಚ್ ಹಡಗು ಕಟ್ಟೆಯಲ್ಲಿ 6 ಹೋವರ್‌ಕ್ರಾಫ್ಟ್ ಕಟ್ಟಲಾಯಿತು. 2010ರ ಕರಾರಿನಂತೆ ಇನ್ನೂ 12 ಬಂದವು. 21 ಮೀಟರ್ ಉದ್ದ, 31 ಟನ್ ತೂಕ, 45 ನಾಟ್, ಅಂದರೆ ಗಂಟೆಗೆ 80 ಕಿಲೋಮೀಟರಿಗೂ ಹೆಚ್ಚು ವೇಗ. ಅವುಗಳ ಮುಖ್ಯ ಜಾಗ ಕಛ್‌ನ ಕೊಲ್ಲಿ, ರಾಮೇಶ್ವರದ ಹತ್ತಿರದ ಮಂಡಪಂ, ಅಂದರೆ ಆಳವಿಲ್ಲದ, ಮರಳು ದಿಬ್ಬಗಳ ಕಡಲು. 2024ರ ಅಕ್ಟೋಬರಿನಲ್ಲಿ ಮತ್ತೆ 6ಕ್ಕೆ 387.44 ಕೋಟಿ ರೂಪಾಯಿಗಳ ಕರಾರಾಯಿತು. ಈ ಸಲ ಅವನ್ನು ಕಟ್ಟುತ್ತಿರುವುದು ಗೋವೆಯ ಚೌಗುಲೆ ಕಂಪನಿ. ಬೆಳಗಾವಿಯವರು ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನ ಊಟದ ಹೊತ್ತಿಗೆ ಮುಟ್ಟುವ ಗೋವೆ.

ಹಾಗಾದರೆ ಮೊದಲ ಪ್ರಶ್ನೆಗೆ ಬರೋಣ. ಗೋವೆಯಿಂದ ಗೋಕಾಕಕ್ಕೆ ಇದು ಯಾಕೆ ಬರಲಾರದು?

ಒಂದು ಕಾರಣ ಮುಂಬಯಿಯ ಪಾಂಟೂನು ಗಾಡಿಗಳಿಗೆ ಬಂದದ್ದೇ. ಹತ್ತು ಮೀಟರ್ ಆಸುಪಾಸಿನ ಅಗಲದ ವಾಹನವನ್ನು ಚೋರ್ಲಾ ಘಾಟಿನ ತಿರುವುಗಳಲ್ಲಿ ಹತ್ತಿಸಿ ತರುವ ದಾರಿಯಿಲ್ಲ, ಅದೂ ಗುಡ್ಡ ಕುಸಿಯುವ ಆಗಸ್ಟಿನಲ್ಲಿ. ಆದರೆ ದೊಡ್ಡ ಕಾರಣ ನಮ್ಮ ಹೊಳೆಯೇ. ಮೂರು ತಾಲ್ಲೂಕಿನ ನೀರು ಮೂರು ಬಗೆ.

ಹುಕ್ಕೇರಿಯಲ್ಲಿ ಅದು ಓಡುವ ನೀರು. ಅಂಬೋಲಿಯ ಕಡೆಯಿಂದ ಇಳಿಯುವ ಹಿರಣ್ಯಕೇಶಿ ಸಂಕೇಶ್ವರ ಹಾದು, ಹಿಡಕಲ್ ಅಣೆಕಟ್ಟಿನ ಕೆಳಗೆ ಸುಲ್ತಾನಪುರದ ಬಳಿ ಘಟಪ್ರಭೆಯನ್ನು ಕೂಡುತ್ತದೆ. ಇದನ್ನು ನಮ್ಮಲ್ಲಿ ಬಹಳ ಮಂದಿ ಮರೆಯುತ್ತಾರೆ. ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯದಲ್ಲಿ 51 ಟಿಎಂಸಿ ನೀರು ಹಿಡಿಯಬಹುದು, ಬಾಗಿಲು ಹಾಕಬಹುದು, ತೆಗೆಯಬಹುದು. ಹಿರಣ್ಯಕೇಶಿಯ ನೀರು ಆ ಬಾಗಿಲಿಗೆ ಬರುವುದೇ ಇಲ್ಲ. ಅದು ಹಾಗೇ ಗೋಕಾಕದತ್ತ ನುಗ್ಗುತ್ತದೆ. ಧೂಪದಾಳ ದಾಟಿ, 52 ಮೀಟರ್ ಎತ್ತರದ ಜಲಪಾತದಲ್ಲಿ ಧುಮುಕಿ, ಗೋಕಾಕದ ಬಳಿ ಮಾರ್ಕಂಡೇಯವನ್ನೂ ಕೂಡಿಸಿಕೊಂಡು ಊರಿಗೆ ಮುಟ್ಟುವ ಹೊತ್ತಿಗೆ ಅದು ಮೂರು ಹೊಳೆಗಳ ಒಟ್ಟು ಸಿಟ್ಟು. ಗೋಕಾಕದಲ್ಲಿ ಅದು ಓಣಿಯ ನೀರು. ಎರಡೂ ಕಡೆ ಮನೆ, ಮೇಲೆ ಕರೆಂಟಿನ ತಂತಿ, ಕೆಳಗೆ ಕಾಣದ ಗಟಾರು, ಮುಳುಗಿದ ಬೈಕು, ಕಟ್ಟೆ. 21 ಮೀಟರಿನ ಹೋವರ್‌ಕ್ರಾಫ್ಟ್ ಅಲ್ಲಿ ತಿರುಗಲೂ ಆಗದು, ನಿಲ್ಲಲೂ ಆಗದು. ಅದರ ಗಾಳಿಗೆ ಹಂಚು ಹಾರಿಹೋದಾವು. ಆ ಓಣಿಗಳಿಗೆ ಯೋಧರು ಕೈಯಲ್ಲಿ ಎಳೆದುಕೊಂಡು ಎದೆಯ ನೀರಲ್ಲಿ ನಡೆದ ರಬ್ಬರ್ ದೋಣಿಯೇ ಸರಿ.

ಮೂಡಲಗಿಯ ಮಾತು ಬೇರೆ. ಗೋಕಾಕ ದಾಟಿದ ಮೇಲೆ ಹೊಳೆ ಬಯಲಿಗೆ ಬೀಳುತ್ತದೆ. ಎರೆಮಣ್ಣು, ಆಳೆತ್ತರದ ಕಬ್ಬು, ಊರಿಂದ ದೂರ ತೋಟದಲ್ಲೇ ಮನೆ ಮಾಡಿಕೊಂಡ ಒಕ್ಕಲುಗಳು. ನೀರು ಬಂದರೆ ಮೈಲಿಗಟ್ಟಲೆ ಹರಡುತ್ತದೆ. ಒಂದು ಕಡೆ ಕುತ್ತಿಗೆಯಷ್ಟು, ಹತ್ತು ಮಾರು ಆಚೆ ಮೊಣಕಾಲಷ್ಟು, ಬದುವಿನ ಮೇಲೆ ಬರೀ ಕೆಸರು. ಎಂಜಿನ್ ದೋಣಿ ಇಲ್ಲಿ ಸೋಲುತ್ತದೆ. ಅದರ ಪಂಖಕ್ಕೆ ಕಬ್ಬಿನ ರವದಿ ಸುತ್ತಿಕೊಳ್ಳುತ್ತದೆ, ಬದುವಿಗೆ ತಳ ಹತ್ತುತ್ತದೆ, ಇಳಿದು ನೂಕಹೋದರೆ ಎರೆಮಣ್ಣು ಕಾಲು ಬಿಡುವುದಿಲ್ಲ. ನೀರು ಇಳಿಯುವ ದಿನಗಳು ಇನ್ನೂ ಕಷ್ಟ. ದೋಣಿಗೆ ನೀರು ಸಾಲದು, ಟ್ರ್ಯಾಕ್ಟರಿಗೆ ನೆಲ ಸಾಲದು, ತೋಟದ ಮನೆಯಲ್ಲಿ ಬಾಣಂತಿಯಿರುತ್ತಾಳೆ, ಕಟ್ಟಿದ ಎಮ್ಮೆ ಇರುತ್ತದೆ. ಚಿತ್ತಗಾಂಗಿನ ದ್ವೀಪಗಳ ಕೆಸರೂ ಮೂಡಲಗಿಯ ಹೊಳೆಸಾಲಿನ ಕೆಸರೂ ಒಂದೇ ಜಾತಿ. ನಿಂತ ಕಬ್ಬಿನ ಮೇಲೆ ಹೋವರ್‌ಕ್ರಾಫ್ಟ್ ಹಾಯಲಾರದು, ನಿಜ. ಆದರೆ ಗಾಡಿದಾರಿ, ಕಾಲುವೆ, ಕಟಾವಾದ ಹೊಲ, ಕೆಸರು ತುಂಬಿದ ಹೊಳೆ ಹಾಸು, ಇವುಗಳ ಮೇಲೆ ಸಣ್ಣ ಹೋವರ್‌ಕ್ರಾಫ್ಟ್ ಓಡಬಲ್ಲದು.

ಸಣ್ಣದು ಎಂದೆ. ಕಡಲಿನದಲ್ಲ. ಬ್ರಿಟನ್ನಿನಲ್ಲಿ ಜನರ ದೇಣಿಗೆಯಿಂದ ನಡೆಯುವ ಜೀವರಕ್ಷಕ ದೋಣಿಗಳ ಸಂಸ್ಥೆಯೊಂದಿದೆ, ಆರ್‌ಎನ್‌ಎಲ್‌ಐ. ಅಲ್ಲಿನ ಮೋರ್‌ಕಾಂಬ್ ಕೊಲ್ಲಿಯ ಹೂತುಹೋಗುವ ಮರಳಿನಲ್ಲಿ ಸಿಕ್ಕಿಕೊಂಡವರನ್ನು ಎತ್ತಲು ಅದು 2002ರಿಂದ 8 ಮೀಟರ್ ಆಸುಪಾಸಿನ ಹೋವರ್‌ಕ್ರಾಫ್ಟ್ ಇಟ್ಟುಕೊಂಡಿದೆ. ಅದನ್ನು ನಡೆಸುವವರಲ್ಲಿ ಹೆಚ್ಚಿನವರು ಊರಿನ ಸ್ವಯಂಸೇವಕರು. ಸೈನ್ಯಕ್ಕೆಂದು ಬೆಳೆದ ಯಂತ್ರ ಊರಿನವರ ಕೈಗೆ ಬಂದದ್ದು ಹೀಗೆ.

2021ರ ಜುಲೈ ಕೊನೆಯಲ್ಲಿ ಹೊಳೆ ಮತ್ತೆ ಬಂತು. ಮತ್ತೆ ಸಂಕೇಶ್ವರ, ಮತ್ತೆ ಗೋಕಾಕ. 2024ರಲ್ಲಿ ಲೋಳಸೂರ ಸೇತುವೆ ಇನ್ನೊಮ್ಮೆ ಮುಳುಗಿತು. ಎರಡು ಮೂರು ವರ್ಷಕ್ಕೊಮ್ಮೆ ಬರುವುದನ್ನು ಅನಿರೀಕ್ಷಿತ ಎನ್ನಲು ಬರುವುದಿಲ್ಲ. ವೆಲ್ಲೆಸ್ಲಿ ನಮ್ಮವನಲ್ಲ, ನಮ್ಮ ನೆಲವನ್ನು ಗೆಲ್ಲಲು ಬಂದವನು, ಅವನನ್ನು ಹೊಗಳುವ ಮನಸ್ಸು ನನಗಿಲ್ಲ. ಆದರೆ ಮಳೆ ಬೀಳುವ ಮುಂಚೆ ಹೊಳೆಹೊಳೆಯ ದಂಡೆಯಲ್ಲಿ ದೋಣಿ ಕಟ್ಟಿಸಿಟ್ಟವನು ಅವನು. ಹೊಳೆ ಬಂದ ಮೇಲೆ ದೋಣಿಗೆ ಹೇಳಿಕಳಿಸಲಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕು ಕಚೇರಿಗಳಲ್ಲಿ ಕುಳಿತವರಿಗೆ, ನಮ್ಮ ಶಾಸಕರಿಗೆ ನನ್ನ ಕೋರಿಕೆ ಇಷ್ಟೇ. ಪ್ರತಿ ವರ್ಷ ಮೃಗಶಿರಾ ಮಳೆ ಹೂಡುವ ಮುಂಚೆ ಹೊಳೆಸಾಲಿನ ಒಂದೊಂದು ಊರಿನಲ್ಲೂ ಒಂದು ಗಟ್ಟಿ ದೋಣಿ, ಹತ್ತು ತೇಲುಜಾಕೀಟು, ನೂರು ಮಾರು ಹಗ್ಗ ಇರಲಿ. ಈಸು ಬಲ್ಲ ಹುಡುಗರಿಗೆ, ಸೆಳವು ಬಲ್ಲ ಅಂಬಿಗರಿಗೆ ಸೇನೆಯವರಿಂದ ತರಬೇತಿ ಕೊಡಿಸಿ, ಅವರ ಹೆಸರು ಪಂಚಾಯಿತಿಯ ಗೋಡೆಯ ಮೇಲೆ ಬರೆಸಿರಿ. ಮೂಡಲಗಿಯ ಬಯಲಿಗೆ ಒಂದು ಸಣ್ಣ ಹೋವರ್‌ಕ್ರಾಫ್ಟ್ ತರಿಸಿ, ಒಂದು ಬೇಸಿಗೆ ಕೆಸರಿನಲ್ಲಿ, ಒಂದು ಮಳೆಗಾಲ ನೀರಿನಲ್ಲಿ ಓಡಿಸಿ ನೋಡಿರಿ. ಅದು ನಮ್ಮ ಹೊಳೆಗೆ ಒಗ್ಗದಿದ್ದರೆ ಬೇಡ, ಒಗ್ಗಿದರೆ ಬಿಡಬೇಡಿ. ಓಡಿಸುವ ಹುಡುಗನನ್ನು ಮಾತ್ರ ಹೊಳೆಸಾಲಿನ ಊರಿನಿಂದಲೇ ಆರಿಸಿರಿ.